ಬೀಜದ ಕಡತಗಳು

ಜನನ ಮರಣ ದಾಖಲೆಗಳ ಆ ಶಾಖೆಯಲ್ಲಿ ಅವಳಿಗಿಂತ ಹಿರಿಯರು ಇದ್ದ ಕಾಲದಲ್ಲೂ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಎತ್ತರಕ್ಕೆ ಬಂದ ಹೆಸರೇನಲ್ಲ, ಆಳು ಕುಳ್ಳಿಯೇ. ಯಾರ ಕಷ್ಟವನ್ನಾದರೂ ತನ್ನ ತಲೆಯ ಮೇಲೆ ಎಳೆದುಕೊಳ್ಳುವ ಸ್ವಭಾವಕ್ಕೆ ಬಂದದ್ದು. ಕೌಂಟರಿನ ಗಾಜಿನಲ್ಲಿದ್ದ ತೂತನ್ನು ಯಾವ ಪುಣ್ಯಾತ್ಮ ಕೊರೆಸಿದ್ದನೋ, ಸೊಂಟದ ಮಟ್ಟಕ್ಕಿತ್ತು. ಬಂದವರೆಲ್ಲ ಬಾಗಿ ಮಾತಾಡಬೇಕು. ದೊಡ್ಡಕ್ಕ ಎದ್ದು, ಪಕ್ಕದ ಬಾಗಿಲು ತೆರೆದು, ಹೊರಗೆ ನಿಂತೇ ಅವರ ಕಾಗದ ನೋಡುತ್ತಿದ್ದಳು. ಸರ್ಕಾರಿ ಕಚೇರಿಯಲ್ಲಿ ಇದನ್ನು ಕಂಡವರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಕೆಲಸ ಹೊರಗಿನವರಿಗೆ ಸಣ್ಣದಾಗಿ ಕಾಣುವಂಥದ್ದು. ಯಾರದೋ ಜನನ ಪತ್ರದಲ್ಲಿ ಅಪ್ಪನ ಜಾಗದಲ್ಲಿ ಅಜ್ಜನ ಹೆಸರು ಬಿದ್ದಿರುತ್ತದೆ. ಯಾರದೋ ಹುಟ್ಟಿದ ವರ್ಷ ಅವರ ತಮ್ಮನದಕ್ಕಿಂತ ಎರಡು ವರ್ಷ ಈಚೆಗೆ ಇರುತ್ತದೆ. ಒಮ್ಮೆ ಒಬ್ಬ ಮುದುಕ ತಾನು ಸತ್ತಿಲ್ಲ ಎಂದು ಸಾಬೀತು ಮಾಡಲು ಮೂರು ಕಚೇರಿ ಅಲೆದು ಇಲ್ಲಿಗೆ ಬಂದಿದ್ದ. ದೊಡ್ಡಕ್ಕ ಅವನಿಗೆ ಒಂದು ಲೋಟ ಚಹಾ ಕೊಡಿಸಿ, ಅವನು ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಅವನನ್ನು ಬದುಕಿಸಿ ಕಳಿಸಿದ್ದಳು.

ಇಂಥವಳ ಕಪಾಟಿನಲ್ಲೂ ಬೀಜದ ಕಡತಗಳಿದ್ದವು. ಇದು ಎಲ್ಲ ಶಾಖೆಗಳಲ್ಲೂ ನಡೆದುಕೊಂಡು ಬಂದ ಪದ್ಧತಿ. ಯಾವ ಸುತ್ತೋಲೆಯಲ್ಲೂ ಇಲ್ಲ, ಯಾವ ಗುಮಾಸ್ತನಿಗೂ ಗೊತ್ತಿಲ್ಲದ್ದೂ ಅಲ್ಲ. ರೈತ ಮುಂದಿನ ಬಿತ್ತನೆಗೆ ಒಂದಿಷ್ಟು ತೆಗೆದಿಟ್ಟ ಹಾಗೆ, ಒಂದಿಷ್ಟು ಕಡತಗಳನ್ನು ಮುಗಿಸದೆ ಇಟ್ಟುಕೊಳ್ಳುವುದು. ಅವಳು ಕೆಲಸಕ್ಕೆ ಸೇರಿದ ತಿಂಗಳಲ್ಲೇ ಅಂದಿನ ಹೆಡ್ ಗುಮಾಸ್ತರು ಕರೆದು ಹೇಳಿದ್ದರು: "ನೋಡಮ್ಮ, ಕಪಾಟು ಪೂರ್ತಿ ಖಾಲಿ ಮಾಡಬೇಡ. ಬಾಕಿ ಇಲ್ಲ ಅಂತ ಗೊತ್ತಾದ್ರೆ ಮೇಲಿನವರು ನಮ್ಮ ಕುರ್ಚಿ ಎಣಿಸೋಕೆ ಶುರು ಮಾಡ್ತಾರೆ." ದೊಡ್ಡಕ್ಕ ಅದನ್ನೂ ತನ್ನದೇ ರೀತಿಯಲ್ಲಿ ಪಾಲಿಸಿದಳು. ಯಾರೂ ಕಾಯುತ್ತಿಲ್ಲದ ಕಡತಗಳನ್ನೇ ಆರಿಸಿದಳು: ಎಂದೋ ತೀರಿಕೊಂಡವರ ಬೀದಿಯ ಹೆಸರಿನ ತಿದ್ದುಪಡಿ, ಊರು ಬಿಟ್ಟವರ ಇನಿಷಿಯಲ್ಲು. ಅಂಥ ನಾನೂರು ಕಡತಗಳು ಕೆಳಗಿನ ಖಾನೆಯಲ್ಲಿ ಬಿಳಿ ಲಾಡಿ ಕಟ್ಟಿಸಿಕೊಂಡು ಮಲಗಿದ್ದವು. ವರ್ಷಕ್ಕೊಮ್ಮೆ ಧೂಳು ಕೊಡವಿ ಮತ್ತೆ ಮಲಗಿಸುವುದು.

ಈ ಗುಟ್ಟನ್ನು ಅವಳು ಹೊರಗಿನ ಒಬ್ಬನಿಗೆ ಮಾತ್ರ ಹೇಳಿದ್ದಳು. ಹನ್ನೊಂದು ವರ್ಷದ ಹಿಂದೆ ದೊಡ್ಡ ಪರೀಕ್ಷೆ ಪಾಸು ಮಾಡಿ, ಅಧಿಕಾರಿಯಾಗುವ ಮೊದಲು ಕೆಲಸ ಕಲಿಯಲೆಂದು ಆರು ತಿಂಗಳು ಅವಳ ಶಾಖೆಗೆ ಬಂದವನು. ಇಸ್ತ್ರಿ ಮುರಿಯದ ಅಂಗಿ, ಕಡತಕ್ಕೆ ಲಾಡಿ ಕಟ್ಟಲೂ ಬಾರದ ಕೈ. ಎಲ್ಲರೂ ಅವನನ್ನು ಮರಿಸಾಹೇಬ ಎನ್ನುತ್ತಿದ್ದರು. ಅವನ ಅಪ್ಪ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಅವನ ಪಾಲಿನ ಟಿಪ್ಪಣಿಗಳನ್ನೆಲ್ಲ ದೊಡ್ಡಕ್ಕನೇ ಬರೆದಳು. ಟಿಪ್ಪಣಿ ಬರೆಯುವ ಹದವನ್ನೂ ಅವಳೇ ಕಲಿಸಿದಳು: "ನಿನ್ನ ಅಭಿಪ್ರಾಯದಿಂದ ಶುರು ಮಾಡಬೇಡಪ್ಪ. ಎದುರಿನವನು ತಾನೇ ಬರೆದುಕೊಟ್ಟಿದ್ದರಿಂದ ಶುರು ಮಾಡು. ಆಮೇಲೆ ಅವನು ಉಸಿರೆತ್ತೋ ಹಾಗಿಲ್ಲ." ಕೊನೆಯ ದಿನ, ಮಗನನ್ನು ಪರಊರಿಗೆ ಕಳಿಸುವ ತಾಯಿಯ ಹಾಗೆ ಮನಸ್ಸು ಕರಗಿ, ಕೆಳಗಿನ ಖಾನೆ ತೆರೆದು ತೋರಿಸಿದಳು. "ಮೇಲೆ ಹೋಗ್ತಿದ್ದೀಯ. ಸಣ್ಣ ಕಚೇರಿಗಳು ಹೇಗೆ ಜೀವ ಹಿಡ್ಕೊಂಡಿರ್ತವೆ ಅಂತ ಮೇಲೆ ಒಬ್ಬನಿಗಾದ್ರೂ ಗೊತ್ತಿರಲಿ. ನಾಳೆ ನಮ್ಮ ಹೊಟ್ಟೆ ಮೇಲೆ ಹೊಡೀಬೇಡ" ಎಂದಳು. ಅವನು ನಕ್ಕು, "ಅಕ್ಕ, ನನ್ನ ಬಾಯಿಂದ ಇದು ಹೊರಗೆ ಬೀಳಲ್ಲ" ಎಂದ. ಆ ಮಾತನ್ನು ಅವನು ಉಳಿಸಿಕೊಂಡ ಎಂದೇ ಹೇಳಬೇಕು. ಯಾರಿಗೂ ಹೇಳಲಿಲ್ಲ, ತಾನೇ ಬಳಸಿಕೊಂಡ.

ಕಾಲ ಕೆಟ್ಟಿತು. ವ್ಯಾಪಾರ ಬಿತ್ತು, ತೆರಿಗೆ ಇಳಿಯಿತು, ಮುಂದಿನ ವರ್ಷ ಹೇಗಿರುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸರ್ಕಾರ ಖರ್ಚಿಗೆ ಕಡಿವಾಣ ಹಾಕಲು ಹೊರಟಿತು. ಕಾಗದದ ಎರಡೂ ಬದಿ ಬಳಸಿ ಎಂಬ ಸುತ್ತೋಲೆ ಬಂತು, ಒಂದೇ ಬದಿಯಲ್ಲಿ ಅಚ್ಚಾಗಿ, ಮೂರು ಪ್ರತಿಗಳಲ್ಲಿ. ಕೆಟ್ಟ ಟ್ಯೂಬ್‌ಲೈಟು ಬದಲಾಗಲಿಲ್ಲ. ಅಷ್ಟಾದರೆ ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆಮೇಲೆ ಸುದ್ದಿ ಬಂತು: ಸೇವೆಗಳ ಸುಧಾರಣೆಗೆಂದು ಹೊಸ ಘಟಕವಂತೆ, ಇರುವ ಐದು ಶಾಖೆಗಳಲ್ಲಿ ಒಂದನ್ನು ಮುಚ್ಚುತ್ತಾರಂತೆ.

ಶಾಖೆಯಲ್ಲಿ ಇದ್ದವರು ಮೂವರು. ದೊಡ್ಡಕ್ಕನದು ಖಾಯಂ ನೌಕರಿ. ಶಾಖೆ ಮುಚ್ಚಿದರೆ ಅವಳಿಗೆ ಇನ್ನೆಲ್ಲೋ ಕುರ್ಚಿ ಸಿಗುತ್ತದೆ. ಉಳಿದ ಇಬ್ಬರದು ವರ್ಷ ವರ್ಷ ನವೀಕರಿಸುವ ಗುತ್ತಿಗೆ. ಟೈಪಿಸ್ಟ್ ಹದಿನಾಲ್ಕು ವರ್ಷದಿಂದ ಹಾಗೆಯೇ ನವೀಕರಣಗೊಳ್ಳುತ್ತ, ಒಬ್ಬಳೇ ಎರಡು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದವಳು. ದಾಖಲೆ ಕೋಣೆ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಐವತ್ತೇಳರ ಆ ಮನುಷ್ಯನಿಗೆ ಬೇರೆ ಯಾರು ಕೆಲಸ ಕೊಟ್ಟಾರು? ಶಾಖೆ ಮುಚ್ಚಿದರೆ ಇವರಿಬ್ಬರೂ ಬೀದಿಗೆ. ದೊಡ್ಡಕ್ಕನ ಊಟ ನಿದ್ದೆ ಕೆಡಿಸಿದ್ದು ಇದು.

ಸುಧಾರಣಾ ಘಟಕದ ಮುಖ್ಯಸ್ಥನಾಗಿ ಬಂದವನು ಮರಿಸಾಹೇಬ ಎಂದು ಗೊತ್ತಾದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಅವನು ತಾನಾಗಿಯೇ ಶಾಖೆಗೆ ಬಂದ. ಹಳೆಯ ಕುರ್ಚಿಯಲ್ಲಿ ಕೂತು, ಅಂಚು ಒಡೆದ ಹಳೆಯ ಲೋಟದಲ್ಲೇ ಚಹಾ ಬೇಕೆಂದು ಹಟ ಮಾಡಿದ. ಮಾವನ ಮೊಣಕಾಲು ನೋವು ವಿಚಾರಿಸಿದ. ಮಾವ, ಟೈಪಿಸ್ಟ್ ಇಬ್ಬರೂ ಆಚೆ ಹೋದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ಅಕ್ಕ, ಮೂರು ತಿಂಗಳು ಟೈಮ್ ಇದೆ. ಬಾಕಿ ಸೊನ್ನೆ ಮಾಡಿ ಬರ್ಕೊಡಿ. ಮಾದರಿ ಶಾಖೆ ಅಂತ ಮಾಡ್ತೀನಿ. ಆಮೇಲೆ ಯಾರೂ ಮುಟ್ಟಲ್ಲ."

"ಸೊನ್ನೆ ಅಂದ್ರೆ?"

"ಸೊನ್ನೆ ಅಂದ್ರೆ ಸೊನ್ನೆ. ಕೆಳಗಿನ ಖಾನೆದೂ ಸೇರಿ."

ದೊಡ್ಡಕ್ಕ ಕೆಳಗಿನ ಖಾನೆಯ ಕಡೆ ನೋಡಿದಳು. "ಯಾರೂ ಮುಟ್ಟಲ್ಲ ಅಂತ ಒಂದು ಸಾಲು ಬರ್ದು ಕೊಡ್ತೀಯಾ?"

ಅವನ ಮುಖ ಸಣ್ಣದಾಯಿತು. "ಅಕ್ಕ, ನಮ್ಮಿಬ್ಬರ ಮಧ್ಯೆ ಕಾಗದ ಬೇಕಾ?"

ಬಾಯಿಮಾತು ನಂಬಬೇಡಿ, ಏನಿದ್ದರೂ ಬರೆಸಿಕೊಂಡು ಹೋಗಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಹೆಂಗಸು, ಕೇಳಿದ್ದಕ್ಕೆ ತಾನೇ ನಾಚಿಕೊಂಡಳು. "ಬೇಡಪ್ಪ, ಬೇಡ. ವಯಸ್ಸಾಯ್ತು ನೋಡು, ಏನೇನೋ ಬಾಯಿಗೆ ಬರುತ್ತೆ" ಎಂದು ತೇಲಿಸಿಬಿಟ್ಟಳು. ಇದೇ ಅವಳು ಮಾಡಿದ ಮೊದಲ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು: ಕಾಗದ ಕೇಳಿದ್ದನ್ನೂ ಅವನು ಕೊಡದೆ ಹೋದದ್ದನ್ನೂ ಅವಳು ಉಳಿದಿಬ್ಬರಿಗೆ ಹೇಳಲಿಲ್ಲ.

ಟೈಪಿಸ್ಟ್ ಸುಲಭಕ್ಕೆ ಒಪ್ಪಲಿಲ್ಲ. "ಮೇಲಿಂದು ಎಲ್ಲಾ ಮುಗ್ಸೋಣ ಅಕ್ಕ. ಕೆಳಗಿನ ಖಾನೆ ಮಾತ್ರ ಬೇಡ. ನಂಗೆ ಯಾಕೋ ಭಯ."

"ಯಾರು ಹೇಳಿರೋದು ಗೊತ್ತಾ? ಅವನನ್ನ ನಾನು ಕೈಯಾರೆ ಬೆಳೆಸಿದೀನಿ ಕಣೇ. ಅವನ ಮಾತು ಒಂದೇ, ನನ್ನ ಮಾತು ಒಂದೇ."

ಆ ಮಾತಿನ ಮೇಲೆ ಟೈಪಿಸ್ಟ್ ಟೊಂಕ ಕಟ್ಟಿ ನಿಂತಳು. ಮೂವರೂ ರಜಾದಿನ ಅನ್ನುವುದನ್ನೇ ಮರೆತರು. ಮಾವ ಕೆಮ್ಮುತ್ತ ಕೆಮ್ಮುತ್ತ ಹಳೇ ರಿಜಿಸ್ಟರುಗಳನ್ನು ಹೊತ್ತು ತರುವುದು, ದೊಡ್ಡಕ್ಕ ತಾಳೆ ನೋಡಿ ಟಿಪ್ಪಣಿ ಬರೆಯುವುದು, ಟೈಪಿಸ್ಟ್ ಕುಟ್ಟುವುದು. ದೊಡ್ಡಕ್ಕನ ಗಂಡ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮಧ್ಯಾಹ್ನ ಮೂವರಿಗೂ ಬುತ್ತಿ ತಂದುಕೊಡುತ್ತ, "ನನ್ನ ಹೆಂಡ್ತಿಯ ಮುಖ ಮರೆತು ಹೋಗಿದೆ, ಅವಳದೂ ಒಂದು ನಕಲು ಕೊಡ್ತೀರಾ?" ಎಂದು ಕೌಂಟರಿನಲ್ಲಿ ಬಾಗಿ ಕೇಳುತ್ತಿದ್ದರು. ಯಾರೂ ಕಾಯುತ್ತಿಲ್ಲ ಎಂದುಕೊಂಡ ಕಡತಗಳಿಗೂ ಕಾಯುವವರಿದ್ದರು. ದೂರದ ಊರಿನಿಂದ ಒಬ್ಬ ಮುದುಕಿ, ತನ್ನ ಅಣ್ಣನ ಹೆಸರು ಕೊನೆಗೂ ಸರಿಯಾಯಿತಲ್ಲ ಎಂದು ನಡುಗುವ ಅಕ್ಷರದಲ್ಲಿ ಕಾಗದ ಬರೆದಿದ್ದಳು. ಅದನ್ನು ಓದಿ ದೊಡ್ಡಕ್ಕನಿಗೆ ಕಣ್ಣೀರು ಬಂತು. ಇಷ್ಟು ವರ್ಷ ಇದನ್ನು ಮಲಗಿಸಿಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಮರಿಸಾಹೇಬ ತನ್ನ ಕೈಯಿಂದ ಒಳ್ಳೆಯ ಕೆಲಸವನ್ನೇ ಮಾಡಿಸಿದ ಎಂದು ಮನಸ್ಸಿನಲ್ಲೇ ಹರಸಿದಳು.

ಮೂರು ತಿಂಗಳಿಗೆ ಇನ್ನೂ ನಾಲ್ಕು ದಿನ ಇರುವಾಗಲೇ ಬಾಕಿ ಸೊನ್ನೆ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕಳಿಸಿದಳು. ಮೊದಲು ಮೆಚ್ಚುಗೆಯ ಪತ್ರ ಬಂತು. ಎರಡು ವಾರದ ಮೇಲೆ ಆದೇಶ ಬಂತು.

"ಸದರಿ ಶಾಖೆಯಲ್ಲಿ ಯಾವುದೇ ಕೆಲಸ ಬಾಕಿ ಇಲ್ಲವೆಂದು ಶಾಖೆಯೇ ಲಿಖಿತವಾಗಿ ದೃಢಪಡಿಸಿರುವುದರಿಂದ..." ಅಲ್ಲಿಂದ ಮುಂದೆ ಅವಳು ಓದಬೇಕಾಗಿಯೇ ಇರಲಿಲ್ಲ. ಎದುರಿನವನು ಬರೆದುಕೊಟ್ಟಿದ್ದರಿಂದ ಶುರು ಮಾಡಿದ್ದ. ಅವಳು ಕಲಿಸಿದ ಹದ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಶಾಖೆ ತಿಂಗಳ ಕೊನೆಗೆ ಮುಚ್ಚುವುದು, ಗುತ್ತಿಗೆಗಳು ನವೀಕರಣವಾಗುವುದಿಲ್ಲ, ಹಿರಿಯ ಗುಮಾಸ್ತೆಯ ಅನುಭವವನ್ನು ಬೇರೆ ಶಾಖೆಯ ಬಾಕಿ ಇಳಿಸಲು ಬಳಸಿಕೊಳ್ಳುವುದು. ಕೆಳಗೆ ಅವನ ಸಹಿ.

ಅವಳು ಆ ಕಾಗದ ಹಿಡಿದು ಮುಖ್ಯ ಕಚೇರಿಗೆ ಹೋದಳು. ಒಂದೂವರೆ ಗಂಟೆ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಹೋದಾಗ ಅವನು ಎದ್ದು ನಿಂತ, ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಅಕ್ಕ, ನಿಮಗೇನೂ ಆಗದ ಹಾಗೆ ನೋಡ್ಕೊಂಡಿದೀನಿ."

"ನಾನು ಕೇಳಿದ್ನಾ?"

"ಎಲ್ಲೋ ಒಂದು ಕಡೆ ಕತ್ತರಿಸಲೇಬೇಕಿತ್ತು. ಬಾಕಿ ಇರೋ ಶಾಖೆ ಮುಚ್ಚಿದ್ರೆ ಜನ ರೊಚ್ಚಿಗೇಳ್ತಾರೆ. ಬಾಕಿ ಇಲ್ದೇ ಇರೋದನ್ನ ಮುಚ್ಚಿದ್ರೆ ಸದ್ದೇ ಆಗಲ್ಲ. ನನ್ನ ಮೇಲೂ ಒತ್ತಡ ಇದೆ ಅಕ್ಕ."

"ಅವತ್ತು ನಮ್ಮಲ್ಲಿ ಕೂತು ಚಹಾ ಕುಡಿದೆಯಲ್ಲ, ಅವತ್ತೇ ಗೊತ್ತಿತ್ತಾ?"

ಅವನು ಪೆನ್ನಿನ ಡಬ್ಬಿಯನ್ನು ಆ ಕಡೆ ಈ ಕಡೆ ಸರಿಸಿದ. "ನಾನು ಎಲ್ಲಾ ಶಾಖೆಗೂ ಹೋಗಿ ಇದನ್ನೇ ಹೇಳಿದೆ ಅಕ್ಕ. ಕೆಳಗಿನ ಖಾನೆ ಮುಗ್ಸಿದ್ದು ನೀವೊಬ್ರೇ."

ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನಂಬಿಸಿ ಕತ್ತು ಕೊಯ್ದನಲ್ಲ ಎಂಬ ಸಿಟ್ಟು ಒಂದು ಕಡೆ. ನಂಬಿದವಳು ತಾನೊಬ್ಬಳೇ ಎಂಬ ಅವಮಾನ ಇನ್ನೊಂದು ಕಡೆ. ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

ಕೊನೆಯ ದಿನ ಮಾವ ಕೋಣೆ ಗುಡಿಸಿ, ಚಪ್ಪಲಿ ಮೆಟ್ಟಿ ಹೋದ. ಟೈಪಿಸ್ಟ್ ತನ್ನ ಯಂತ್ರಕ್ಕೆ ಹೊದಿಕೆ ಹಾಕಿದಳು. ಬೈಯಲಿ, ಕೂಗಾಡಲಿ ಎಂದು ದೊಡ್ಡಕ್ಕ ಕಾದಳು. ಬೈದಿದ್ದರೆ ಎದೆ ಸ್ವಲ್ಪ ಹಗುರಾಗುತ್ತಿತ್ತು.

"ಅಕ್ಕ, ಒಂದು ಕೇಳ್ಲಾ? ಅವರ ಹತ್ರ ಕಾಗದದಲ್ಲಿ ಬರ್ಕೊಡಿ ಅಂತ ಕೇಳಿದ್ರಾ?"

"ಕೇಳ್ದೆ."

"ಕೊಟ್ರಾ?"

"ಇಲ್ಲ."

"ಅದನ್ನ ನಮ್ಗೆ ಹೇಳ್ಬೇಕಿತ್ತು ಅಲ್ವಾ ಅಕ್ಕ?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೂ ಕಾಯದೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಮರಿಸಾಹೇಬನ ಆದೇಶಕ್ಕಿಂತ ಈ ಒಂದು ಪ್ರಶ್ನೆ ದೊಡ್ಡಕ್ಕನನ್ನು ಹೆಚ್ಚು ಸುಟ್ಟಿತು. ಅವನು ತನಗೆ ಮಾಡಿದ್ದನ್ನೇ ತಾನು ಇವಳಿಗೆ ಮಾಡಿದ್ದೆ ಎಂದು ಅವಳಿಗೆ ಚೆನ್ನಾಗಿ ಅರ್ಥವಾಯಿತು.

ಹೊಸ ಶಾಖೆ ಪಟ್ಟಣದ ಇನ್ನೊಂದು ತುದಿಯಲ್ಲಿತ್ತು. ಉದ್ದನೆಯ ಹಜಾರ, ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಗುತ್ತಿಗೆಯ ನಾಲ್ವರು ಗುಮಾಸ್ತರು. ಅವಳು ಬರುವ ಮೊದಲೇ ಅವಳ ಸುದ್ದಿ ಬಂದಿತ್ತು. ಯಾರೂ ಎದ್ದು ನಿಲ್ಲಲಿಲ್ಲ. ಕಪಾಟುಗಳಿಗೆಲ್ಲ ಬೀಗ.

"ಕೀಲಿಕೈ?" ಎಂದಳು.

"ಕಳೆದುಹೋಗಿದೆ ಮೇಡಂ" ಎಂದಳು ಕೌಂಟರಿನ ಗುಮಾಸ್ತೆ, ಮುಖಕ್ಕೆ ಮುಖ ಕೊಟ್ಟು. ಆಮೇಲೆ ಕೇಳಿದಳು, "ನಿಮ್ಮ ಶಾಖೇಲಿ ಎಷ್ಟು ಜನ ಇದ್ರಿ?"

"ಮೂರು ಜನ."

"ಈಗ ಕೆಲಸ ಇರೋದು ಎಷ್ಟು ಜನಕ್ಕೆ?"

ಅಷ್ಟರಲ್ಲಿ ಕೌಂಟರಿಗೆ ಒಬ್ಬ ಮನುಷ್ಯ ಬಂದ. ಮಗಳ ಜನನ ಪತ್ರದಲ್ಲಿ ಒಂದು ಅಕ್ಷರ ತಪ್ಪು. ಅದು ಸರಿಯಾಗದೆ ಆಸ್ಪತ್ರೆಯವರು ಚಿಕಿತ್ಸೆಯ ಪಟ್ಟಿಗೆ ಅವಳ ಹೆಸರು ಸೇರಿಸಿಕೊಳ್ಳುತ್ತಿಲ್ಲ. ಎರಡು ಬಸ್ಸು ಬದಲಿಸಿ ಬಂದಿದ್ದಾನೆ, ಇದು ಮೂರನೇ ಸಲ. ಅವನ ಕಡತ ಮೇಜಿನ ಮೇಲಿನ ತಟ್ಟೆಯಲ್ಲೇ ಇತ್ತು. ದೊಡ್ಡಕ್ಕ ತೆರೆದು ನೋಡಿದಳು. ದಾಖಲೆಗಳೆಲ್ಲ ಸರಿಯಾಗಿದ್ದವು. ಹತ್ತು ನಿಮಿಷದ ಕೆಲಸ, ಒಂದು ಸಹಿ.

ಅವಳ ಬೆನ್ನ ಹಿಂದೆ ನಾಲ್ಕು ಪೆನ್ನುಗಳ ಸದ್ದು ನಿಂತಿತು. ಅವರು ನೋಡುತ್ತಿದ್ದಾರೆ ಎಂದು ತಿರುಗದೆಯೇ ಅವಳಿಗೆ ಗೊತ್ತಾಯಿತು. ಸಹಿ ಮಾಡಿದರೆ ಅವಳು ಮರಿಸಾಹೇಬ ಕಳಿಸಿದವಳು. ಮಾಡದಿದ್ದರೆ?

"ಆಗಿದೆಯಾ ಅಮ್ಮ?" ಎಂದ ಅವನು, ಇಲ್ಲೂ ಸೊಂಟದ ಮಟ್ಟಕ್ಕಿದ್ದ ಗಾಜಿನ ತೂತಿಗೆ ಬಾಗಿ.

ದೊಡ್ಡಕ್ಕ ಕಡತ ಮುಚ್ಚಿ ಲಾಡಿ ಕಟ್ಟಿದಳು. "ಮುಂದಿನ ವಾರ ಬನ್ನಿ" ಎಂದಳು.

ಅವನು ಜಗಳವಾಡಲಿಲ್ಲ. ಬೇರೆ ಯಾವ ಉತ್ತರವನ್ನೂ ನಿರೀಕ್ಷಿಸಿರದವನ ಹಾಗೆ ತಲೆಯಾಡಿಸಿ, ಕಾಗದಗಳನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ನಡೆದ. ಅವನ ಬೆನ್ನು ಮರೆಯಾಗುವವರೆಗೂ ಅವಳು ಗಾಜಿನಾಚೆ ನೋಡುತ್ತಲೇ ಇದ್ದಳು. ಈ ಕಡೆ ತಿರುಗಿದಾಗ ಅವಳ ಮೇಜಿನ ಮೇಲೆ ಯಾರೋ ಬಿಸಿ ಚಹಾ ತಂದಿಟ್ಟಿದ್ದರು. ಲೋಟದ ಪಕ್ಕದಲ್ಲಿ ಕಪಾಟಿನ ಕೀಲಿಕೈಗಳ ಗೊಂಚಲಿತ್ತು.