ಬೀಗದ ಟೀಚರ್ ಕಲಿಸಿದ ಬಾಗಿಲು

ಹೈಸ್ಕೂಲಿನಲ್ಲಿ ಮೆಟ್ಟಿಲ ಕೆಳಗೆ ಒಂದು ರೂಮಿತ್ತು. ಮೊದಲು ಮುರಿದ ಬೆಂಚು ತುಂಬುತ್ತಿದ್ದರು. ಆಮೇಲೆ ಒಂಬತ್ತು ಮಕ್ಕಳನ್ನು ತುಂಬಿದರು. ಯಾವ ಕ್ಲಾಸಿನಲ್ಲೂ ಕೂರಿಸಲಾಗದ ಮಕ್ಕಳು ಅಂತ ಹೆಡ್‌ಮಾಸ್ತರರ ಮಾತು. ಗಂಡ ಹೋದ ಮೇಲೆ ನಾನು ಅಲ್ಲಿ ಆಯಾ ಆಗಿ ಸೇರಿದೆ. ಬೆಲ್ ಹೊಡೆದಾಗಲೆಲ್ಲ ಮೇಲಿನ ಮಕ್ಕಳು ದಡಬಡ ಇಳಿಯುತ್ತಿದ್ದರು, ತಲೆ ಮೇಲೆ ಕಲ್ಲು ಸುರಿದ ಹಾಗೆ. ಇದ್ದದ್ದು ಒಂದೇ ಕಿಟಕಿ, ಅದೂ ಸೈಕಲ್ ಸ್ಟ್ಯಾಂಡಿನ ಗೋಡೆಗೆ.

ಆ ರೂಮಿನ ಟೀಚರ್ ಮೊದಲು ಹೊಲಿಗೆ ಟೀಚರ್. ಹೊಲಿಗೆ ಪೀರಿಯಡ್ ತೆಗೆದುಹಾಕಿದಾಗ ಇವರನ್ನು ಇಲ್ಲಿಗೆ ತಳ್ಳಿದರು. ಎರಡು ಸಲ ವರ್ಗಾವಣೆಗೆ ಅರ್ಜಿ ಕೊಟ್ಟರಂತೆ, ಎರಡೂ ಎಲ್ಲೋ ಧೂಳು ತಿಂದವು. ಗಂಡಸರ ದೊಡ್ಡ ವಾಚು ಕಟ್ಟುತ್ತಿದ್ದರು, ನಿಂತೇ ಊಟ ಮಾಡುತ್ತಿದ್ದರು. ನನಗೆ ಅವರು ಹೇಳಿದ ಮೊದಲ ಮಾತು, "ಆಯಮ್ಮ, ಕೈ ಹಿಂದೆ ಕಟ್ಕೊಳಿ."

"ಯಾಕಮ್ಮಾ, ನಾನೇನ್ ತಪ್ಪು ಮಾಡ್ದೆ?"

"ಕಟ್ಕೊಳ್ದಿದ್ರೆ ಮಕ್ಕಳ ಅಂಗಿಗೆ ನೀವೇ ಗುಂಡಿ ಹಾಕಿಬಿಡ್ತೀರ. ಅವರು ಹಾಕ್ಲಿ. ಅರ್ಧ ಗಂಟೆ ಆದ್ರೂ ಆಗ್ಲಿ."

ಅರ್ಧ ಗಂಟೆ ಒಬ್ಬ ಹುಡುಗ ಒಂದು ಗುಂಡಿಯ ಜೊತೆ ಗುದ್ದಾಡುವುದನ್ನು ಸುಮ್ಮನೆ ನೋಡುವುದಿದೆಯಲ್ಲ, ಹತ್ತು ಕೊಡ ನೀರು ಹೊರುವುದು ಅದಕ್ಕಿಂತ ಸುಲಭ. ಗುಂಡಿ, ಚಪ್ಪಲಿ ಪಟ್ಟಿ, ಸ್ಟವ್ ಹಚ್ಚುವುದು, ತಿಂಗಳ ಬಟ್ಟೆ ಬದಲಾಯಿಸುವುದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ರಸ್ತೆ ದಾಟುವುದು, ಇವೇ ಅಲ್ಲಿನ ಪಾಠ. ಜೊತೆಗೆ ಒಂದು ಹಲಗೆ. ಅದಕ್ಕೆ ಟೀಚರ್ ತಮ್ಮ ಕೈಯಾರೆ ಏಳು ಬೀಗ, ಚಿಲಕ, ಸರಪಳಿ ಹೊಡೆದಿದ್ದರು. ಅದರಿಂದಲೇ ಸ್ಕೂಲಿಗೆಲ್ಲ ಅವರು ಬೀಗದ ಟೀಚರ್ ಆದರು.

ಆ ಹಲಗೆಯ ರಾಣಿ ಒಬ್ಬಳಿದ್ದಳು. ಹದಿನಾರು ವರ್ಷ, ಹತ್ತನೇ ಕ್ಲಾಸಿನ ಹಾಜರಿಯಲ್ಲಿ ಹೆಸರು. ವಾಚ್‌ಮನ್ ಅವಳಿಗೆ ಗಡಿಯಾರ ಅಂತ ಹೆಸರಿಟ್ಟಿದ್ದ. ಒಂದು ಸಲ ಹೇಳಿಕೊಟ್ಟರೆ ಮುಗಿಯಿತು, ಜನ್ಮದಲ್ಲಿ ತಪ್ಪುತ್ತಿರಲಿಲ್ಲ. ಹೇಳಿಕೊಡದೆ ಇದ್ದದ್ದನ್ನು ಮುಟ್ಟುತ್ತಲೂ ಇರಲಿಲ್ಲ. ಏಳು ಬೀಗವನ್ನು ಟಕಟಕ ತೆಗೆದು ಕೀಗಳನ್ನು ಸಾಲಾಗಿ ಇಟ್ಟು, "ಆಯ್ತು" ಅನ್ನುವಳು. ಟೀಚರ್ ಮುಖ ಆಗ ನೋಡಬೇಕಿತ್ತು.

ಅವಳದು ಅದೇ ಕೊನೆಯ ವರ್ಷ. ಒಂದು ರಜೆಯ ದಿನ ಯಾವುದೋ ಫಾರಂ ತುಂಬಿಸಲು ಟೀಚರ್ ಅವಳ ಮನೆಗೆ ಹೊರಟರು, ಜೊತೆಗೆ ನಾನು. ಮೂರನೇ ಮಹಡಿ. ಬಾಗಿಲಿಗೆ ಹೊರಗಿನಿಂದ ಅಂಗೈಯಗಲದ ಬೀಗ. ಯಾರೂ ಇಲ್ಲ ಅಂತ ಮಾತಾಡಿಕೊಂಡು ತಿರುಗಿದೆವು. ಬಾಗಿಲಲ್ಲಿ ಮೊಣಕಾಲಿನ ಎತ್ತರಕ್ಕೆ ಕಾಗದ ಹಾಕುವ ಸೀಳಿತ್ತು. ಅದರೊಳಗಿಂದ ನಾಲ್ಕು ಬೆರಳು ಹೊರಬಂದವು.

"ಟೀಚರ್, ಕೀ ಕೊಡಿ. ನಾನು ತೆಗೀತೀನಿ."

ಟೀಚರ್ ಮೆಟ್ಟಿಲ ಮೇಲೆ ಕೂತರು. "ಆಯಮ್ಮ, ವರ್ಷವಿಡೀ ನಾನು ಹೊರಗೆ ನಿಂತು ಬೀಗ ತೆಗೆಯೋದು ಕಲಿಸಿದೀನಿ. ಇವಳು ಇರೋದು ಒಳಗೆ." ಬೆರಳುಗಳು ಇನ್ನೂ ಹಾಗೇ ಚಾಚಿಕೊಂಡಿದ್ದವು.

ಮೂರೂವರೆಗೆ ಅವಳ ತಾಯಿ ಬಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ, ಕೈಯೆಲ್ಲ ಬಿಳಿಚಿಕೊಂಡಿತ್ತು. ನಮ್ಮ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಏನ್ ಟೀಚರ್, ಹಂಗ್ ನೋಡ್ತೀರಾ? ಹೋದ ವರ್ಷ ಯಾರೋ ಸೋಪು ಮಾರೋನು ಬಾಗಿಲು ತಟ್ದ. ಇವಳು ಒಳಗೆ ಕೂರಿಸಿ ನೀರು ಕೊಟ್ಟು ಫ್ಯಾನ್ ಹಾಕಿದಾಳೆ. ನಾನು ಬಂದಾಗ ಅವನು ನನ್ನ ಕುರ್ಚೀಲಿ ಕಾಲ್ಮೇಲೆ ಕಾಲ್ ಹಾಕ್ಕೊಂಡು ಕೂತಿದ್ದ. ಅವತ್ತೇನೂ ಆಗ್ಲಿಲ್ಲ. ದಿನಾ ಹಂಗೇ ಇರುತ್ತಾ?"

"ಇನ್ನು ಸ್ಕೂಲು ಮುಗಿದ ಮೇಲೆ?"

"ಮುಗಿದ ಮೇಲೆ ಏನು, ದಿನಾ ಇದೇ. ಕೆಲಸ ಬಿಟ್ಟು ಕೂತ್ರೆ ಇಬ್ರೂ ಗಾಳಿ ತಿನ್ಬೇಕು."

ಕೊನೆಗೆ ಅವಳೇ ಒಂದು ಮಾತು ಆಡಿದಳು. ಯಾರು ತಟ್ಟಿದರೂ ಬಾಗಿಲು ತೆಗೆಯದೆ ಇರುವುದನ್ನು ಮಗಳು ಕಲಿತರೆ ಬೀಗ ಕಿತ್ತು, ಒಳಗಿನಿಂದಲೂ ತೆಗೆಯಬಹುದಾದ ಲಾಕು ಹಾಕಿಸುತ್ತಾಳೆ. ಕಲಿಯದಿದ್ದರೆ ಬೀಗವೇ ಗತಿ.

ಮಾರನೆಯ ದಿನವೇ ಟೀಚರ್ ಮೆಟ್ಟಿಲ ಕೆಳಗಿನ ನಮ್ಮ ರೂಮಿನ ಬಾಗಿಲಿಗೆ ಅಂಥದೇ ಲಾಕು ಹಾಕಿಸಿದರು. ಗಡಿಯಾರ ಒಳಗೆ, ನಾವು ಹೊರಗೆ. ನಾನು ತಟ್ಟಿದೆ. "ಆಯಮ್ಮ ಬಂದ್ರು!" ಅಂತ ತೆಗೆದಳು. ವಾಚ್‌ಮನ್ ತಟ್ಟಿದ, ತೆಗೆದಳು. ಡ್ರಾಯಿಂಗ್ ಮಾಸ್ತರರು ಗಂಟಲು ದಪ್ಪ ಮಾಡಿ, "ನಾನು ಕಳ್ಳ" ಅಂದರು. ಅದಕ್ಕೂ ತೆಗೆದು, "ಕಳ್ಳ ಬಂದ್ರು" ಅಂದಳು.

ಗುರುತಿನವರು, ಗುರುತಿಲ್ಲದವರು ಅಂತ ಬಿಡಿಸಿ ಹೇಳಿದಷ್ಟೂ ಗೋಜಲಾಯಿತು. ಸೋಪಿನವನೂ ನೀರು ಕುಡಿದ ಮೇಲೆ ಅವಳಿಗೆ ಗುರುತಿನವನೇ. ಆಗ ಟೀಚರ್ ಒಂದೇ ನಿಯಮ ಮಾಡಿದರು. ಮನೆಯವರ ಹತ್ತಿರ ಕೀ ಇರುತ್ತದೆ, ಅವರು ತಟ್ಟುವುದಿಲ್ಲ. ತಟ್ಟಿದವರು ಮನೆಯವರಲ್ಲ. ತಟ್ಟಿದರೆ ಹೇಳಬೇಕಾದ್ದು ಇಷ್ಟೇ, "ಅಮ್ಮ ಇಲ್ಲ. ಆಮೇಲೆ ಬನ್ನಿ." ಹನ್ನೆರಡು ದಿನ ಹಿಡಿಯಿತು. ವಾಚ್‌ಮನ್ ಚಾಕೊಲೇಟ್ ಕಾಗದ ಪರಪರ ಅನ್ನಿಸಿದರೂ ಬಾಗಿಲು ಅಲುಗಲಿಲ್ಲ. "ಇವಳು ನನ್ನ ಕೆಲಸಕ್ಕೇ ಕುತ್ತು ತರ್ತಾಳೆ," ಅಂದ.

ತಾಯಿ ಮಾತಿಗೆ ತಪ್ಪಲಿಲ್ಲ, ಹೊಸ ಲಾಕು ಹಾಕಿಸಿದಳು. ಒಂದು ಶನಿವಾರ ಸ್ಕೂಲಿಗೆ ರಜೆ. ಅವತ್ತು ಮೊದಲ ಸಲ ಹೊರಗಿನ ಬೀಗವಿಲ್ಲದೆ ಮಗಳನ್ನು ಬಿಟ್ಟು ಕೆಲಸಕ್ಕೆ ಹೋದಳು. ಸಂಜೆ ನಾಲ್ಕಕ್ಕೆ, ಮನಸ್ಸು ತಡೆಯದೆ, ನಾನೂ ಟೀಚರೂ ನೋಡಲು ಹೋದೆವು. ತಾಯಿ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು.

"ಬನ್ನಿ ಟೀಚರ್, ಚೆನ್ನಾಗ್ ಕಲಿಸಿದೀರ. ಕೀ ನನ್ನ ಏಪ್ರನ್ ಜೇಬಲ್ಲಿತ್ತು. ಏಪ್ರನ್ನು ಕೊಳೆ ಬಟ್ಟೆ ಜೊತೆ ಮೆಷಿನ್ನಿಗೆ ಹೋಯ್ತು. ನನ್ನ ಮಗಳು ನನ್ನೇ ಒಳಗೆ ಬಿಡ್ತಿಲ್ಲ."

ಅಂದವಳೇ ಎದ್ದು ಬಾಗಿಲು ತಟ್ಟಿದಳು. ಒಳಗಿನಿಂದ ಸ್ಪಷ್ಟವಾಗಿ, "ಅಮ್ಮ ಇಲ್ಲ. ಆಮೇಲೆ ಬನ್ನಿ."

"ನಾನೇ ಕಣೇ ಅಮ್ಮ!"

"ಅಮ್ಮ ತಟ್ಟಲ್ಲ. ಅಮ್ಮನ ಹತ್ರ ಕೀ ಇದೆ."

ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತಾಯಿ ಟೀಚರ್ ಕೈ ಹಿಡಿದುಕೊಂಡಳು. "ನೀವು ಹೇಳಿ. ನಿಮ್ಮ ಮಾತು ಅವಳಿಗೆ ವೇದವಾಕ್ಯ. ಬೆಳಿಗ್ಗೆ ಐದಕ್ಕೆ ಎದ್ದೋಳು ನಾನು."

ಟೀಚರ್ ಬಾಗಿಲವರೆಗೆ ಹೋದರು. ಕೈ ಎತ್ತಿದರು. ಆಮೇಲೆ ಆ ಕೈಯನ್ನು ಇನ್ನೊಂದು ಕೈಯಿಂದ ಬೆನ್ನ ಹಿಂದೆ ಹಿಡಿದುಕೊಂಡರು. ಪಿಸುಮಾತಿನಲ್ಲಿ, "ನಾನು ಹೇಳಿ ತೆಗೆಸಿದ್ರೆ ನಾಳೆ ಯಾರು ಹೇಳಿದ್ರೂ ತೆಗೀತಾಳೆ. ಆಮೇಲೆ ನೀವು ಹಳೇ ಬೀಗಾನೇ ಹುಡುಕ್ತೀರ. ತಪ್ಪು ನಂದು. ಅಮ್ಮನಿಗೂ ಮರೆವು ಇರುತ್ತೆ ಅಂತ ನನಗೆ ಹೊಳೀಲಿಲ್ಲ," ಅಂದರು. ಬಟ್ಟೆ ಒಣಗಿ ಬಂದ ಮೇಲೆ ಜೊತೆಯ ಕೆಲಸದವಳು ಕೀ ತಂದುಕೊಡುತ್ತಾಳಂತೆ, ಆರು ಗಂಟೆಗೆ. ಮೂವರೂ ಮೆಟ್ಟಿಲ ಮೇಲೆ ಕಾದೆವು.

ಸ್ವಲ್ಪ ಹೊತ್ತಿಗೆ ತಾಯಿ ಮೊಣಕಾಲೂರಿ ಆ ಸೀಳಿನಲ್ಲಿ ಕಣ್ಣಿಟ್ಟಳು. ನಮಗೆ ವರದಿ ಕೊಡುತ್ತಿದ್ದಳು. "ತಟ್ಟೆ ತೊಳೆದಳು. ಒರೆಸಿದಳು. ಕುರ್ಚೀಲಿ ಕೂತಳು, ಬಾಗಿಲ ಕಡೆ ಮುಖ ಮಾಡಿ." ಆಮೇಲೆ ವರದಿ ನಿಂತಿತು. ಐದು ಗಂಟೆಗೆ ಮತ್ತೆ ನೋಡಿದಳು. ಐದೂವರೆಗೂ ನೋಡಿದಳು. ಎದ್ದು ನಿಂತಾಗ ಅವಳ ಹಣೆಯ ಮೇಲೆ ಬಾಗಿಲಿನ ಗೆರೆ ಮೂಡಿತ್ತು.

"ಕೈ ತೊಡೆ ಮೇಲಿಟ್ಕೊಂಡು ಹಂಗೇ ಕೂತಿದಾಳೆ. ಅಲ್ಲಾಡ್ತಾನೇ ಇಲ್ಲ. ನಾನಿಲ್ದಾಗೆಲ್ಲ ಇಷ್ಟು ಹೊತ್ತೂ ಹಿಂಗೇನಾ ಇರೋದು ಇವಳು?"

ಅದು ಗೊತ್ತಿದ್ದವಳು ಒಳಗಿದ್ದಳು.

ಆರೂಕಾಲಿಗೆ ಕೀ ಬಂತು. ಬಾಗಿಲು ತೆರೆದಾಗ ಹುಡುಗಿ ಎದ್ದು ನಿಂತು, "ಅಮ್ಮ ಬಂದ್ಲು. ಯಾರೋ ಬಂದಿದ್ರು, ತುಂಬಾ ಸಲ. ಆಮೇಲೆ ಬನ್ನಿ ಅಂದೆ," ಅಂತ ಒಪ್ಪಿಸಿದಳು. ತಾಯಿ ಅವಳನ್ನು ತಬ್ಬಿಕೊಂಡು ಟೀಚರ್ ಕಡೆ ತಿರುಗಿ, "ತೆಗೀದೇ ಇರೋದು ಕಲಿಸಿದ್ರಿ. ಹೊರಗೆ ಹೋಗೋದು ಕಲಿಸಿ," ಅಂದಳು.

ಸ್ಕೂಲು ಮುಗಿಯಲು ಹದಿನೆಂಟು ದಿನ ಉಳಿದಿತ್ತು. ದಿನಾ ನಾಲ್ಕು ಗಂಟೆಗೆ ಟೀಚರ್ ಅವಳ ಜೊತೆ ಆ ಮನೆಗೆ ಹೋದರು, ನಾನೂ ಹೋದೆ. ಲಾಕು ತೆಗೆಯುವುದು ಅವಳಿಗೆ ಒಂದು ನಿಮಿಷದ ಕೆಲಸ. ಹೊಸ್ತಿಲು ದಾಟುವುದಕ್ಕೆ ನಾಲ್ಕು ದಿನ ಬೇಕಾಯಿತು. ಯಾರೂ ತಟ್ಟದೆ, ಯಾರೂ ಕರೆಯದೆ ತಾನೇ ಹೊರಗೆ ಕಾಲಿಡುವುದು ಯಾವ ನಿಯಮದಲ್ಲೂ ಇರಲಿಲ್ಲ. ಆಮೇಲೆ ಒಂದೊಂದು ಮಹಡಿಗೆ ಮೂರು ದಿನದಂತೆ ಇಳಿದಳು. ಕೊನೆಯ ದಿನ ಒಬ್ಬಳೇ ಇಳಿದು ಕಟ್ಟಡದ ಗೇಟಿನವರೆಗೆ ಬಂದು ನಿಂತಳು. ಆಚೆ ರಸ್ತೆ, ಬಸ್ಸು, ಜನ. ನಾವು ಇಪ್ಪತ್ತು ಹೆಜ್ಜೆ ಹಿಂದೆ, ಕೈ ಕಟ್ಟಿಕೊಂಡು.

ಬಹಳ ಹೊತ್ತು ನೋಡಿದಳು. ತಿರುಗಿ, "ಮುಂದಿನದು ಕಲಿಸಿಲ್ಲ," ಅಂದು ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಜೂನ್‌ನಲ್ಲಿ ಆ ರೂಮಿಗೆ ಮತ್ತೆ ಬೆಂಚು ತುಂಬಿದರು, ಟೀಚರನ್ನು ಆಫೀಸಿನ ಕೆಲಸಕ್ಕೆ ಹಾಕಿದರು. ಭಾನುವಾರ ಮಾತ್ರ ಅವರ ಕೈಯಲ್ಲಿತ್ತು. ಆ ಭಾನುವಾರಗಳಲ್ಲಿ ಅವರು ಅದೇ ಗೇಟಿನ ಆಚೆ, ಒಳಗೆ ನಿಂತ ಹುಡುಗಿಯ ಕಣ್ಣಿಗೆ ಕಾಣುವ ಹಾಗೆ, ರಸ್ತೆಯಂಚಿನಲ್ಲಿ ನಿಂತಿರುತ್ತಿದ್ದರು.