ಅಕ್ಕ ಕೊಟ್ಟ ಒಂದು ನಕ್ಷತ್ರ

ನಮ್ಮಕ್ಕ ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣು ಕಾಣದು. ಕಿವಿ ಮಾತ್ರ ಭಾರಿ ಚುರುಕು. ಅಡುಗೆಮನೆಯಲ್ಲಿ ನಾನು ಸದ್ದಿಲ್ಲದೆ ಡಬ್ಬಿಯ ಮುಚ್ಚಳ ತೆಗೆದರೂ ಹೊರಗಿನ ಕೋಣೆಯಿಂದಲೇ ಬೈಯುತ್ತಾಳೆ. ಕೆಲಸದಲ್ಲಿ, ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುವ ಒಂದು ದನಿ ಅವಳ ಹೆಡ್‌ಫೋನಿನಲ್ಲಿ ಮಾತಾಡುತ್ತದೆ. ಅದನ್ನು ಕೇಳಿಕೊಂಡೇ ಅವಳು ವಾರ್ಡುಗಳಿಗೆ ಕರೆ ದಾಟಿಸುತ್ತಾಳೆ.

ಕರೆ ದಾಟಿಸಲು ಕಳೆದ ವರ್ಷ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂತು. ಮ್ಯಾನೇಜರ್ ಸಾಹೇಬರು ಅದನ್ನು ಆರಿಸಿದ್ದು ಇಂಟರ್ನೆಟ್ಟಿನ ರಿವ್ಯೂ ನೋಡಿ. ‘ಸೂಪರ್’, ‘ಬಣ್ಣ ತುಂಬ ಚೆನ್ನಾಗಿದೆ’ ಅಂತೆಲ್ಲ ಬರೆದು ಜನ ಐದೈದು ನಕ್ಷತ್ರ ಕೊಟ್ಟಿದ್ದರು. ಬಣ್ಣ ಕಟ್ಟಿಕೊಂಡು ನಮ್ಮಕ್ಕನಿಗೆ ಏನಾಗಬೇಕು? ಬಟನ್‌ಗಳ ಮೇಲೆ ಬರೀ ಚಿತ್ರ, ಓದಿ ಹೇಳಲು ಹೆಸರೇ ಇಲ್ಲ. ಹೆಡ್‌ಫೋನು “ಬಟನ್, ಬಟನ್, ಬಟನ್” ಎಂದು ಒಂದೇ ರಾಗ ಎಳೆಯುತ್ತಿತ್ತು.

ಅಕ್ಕ ಗೊಣಗಲಿಲ್ಲ. ಎಷ್ಟನೆಯ ಬಟನ್ ಯಾವ ವಾರ್ಡು ಎಂದು ಬಾಯಿಪಾಠ ಮಾಡಿಕೊಂಡಳು. “ನೋಡಿ, ಎಷ್ಟು ಚೆನ್ನಾಗಿ ನಿಭಾಯಿಸ್ತಾರೆ!” ಎಂದು ಮ್ಯಾನೇಜರು ಬಂದವರಿಗೆಲ್ಲ ತೋರಿಸಿ ಬೀಗಿದರು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಬಟನ್‌ಗಳ ಜಾಗ ಬದಲಾಯಿತು. ಅಕ್ಕನಿಗೆ ಯಾರೂ ಹೇಳಲಿಲ್ಲ. ಹೆಂಡತಿಗೆ ಹೆರಿಗೆಯಾಯಿತೇ ಎಂದು ಕೇಳಿದವನ ಕರೆ ಶವಾಗಾರಕ್ಕೆ ಹೋಯಿತು. ಅವನು ಬಿದ್ದೆನೋ ಎದ್ದೆನೋ ಎಂದು ಆಸ್ಪತ್ರೆಗೆ ಓಡಿಬಂದು, ಅಕ್ಕನ ಮೇಜಿನ ಮುಂದೆಯೇ ಗೋಳೋ ಎಂದು ಅತ್ತ. ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದರು. ಅಕ್ಕ ಮಾತ್ರ ಅಂದು ಊಟ ಮುಟ್ಟಲಿಲ್ಲ.

“ನಾನು ನಿಭಾಯಿಸಿದ್ದೇ ತಪ್ಪು ಕಣೋ,” ಎಂದಳು ಸಂಜೆ ನನ್ನ ಹತ್ತಿರ. “ನಾನು ನಿಭಾಯಿಸ್ತಾ ಇದ್ರೆ ಅವರು ಯಾಕೆ ಸರಿ ಮಾಡ್ತಾರೆ?” ಕೂತು ರಿವ್ಯೂ ಬರೆದಳು. ಯಾವ ಪರದೆಯ ಯಾವ ಬಟನ್‌ಗೆ ಹೆಸರಿಲ್ಲ, ಅದರಿಂದ ಏನಾಯಿತು, ಏನು ಮಾಡಿದರೆ ಸರಿಹೋಗುತ್ತದೆ, ಎಲ್ಲವನ್ನೂ. ಕೊಟ್ಟದ್ದು ಒಂದೇ ನಕ್ಷತ್ರ.

ಸಾಫ್ಟ್‌ವೇರ್ ಕಂಪನಿಯವರು ಮ್ಯಾನೇಜರ ಕಿವಿ ಊದಿದರು. “ಅದನ್ನ ಅಳಿಸಿಬಿಡಮ್ಮ. ಇಲ್ಲಾಂದ್ರೆ ಈ ಕುರ್ಚಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ,” ಎಂದರು ಮ್ಯಾನೇಜರು ಅಕ್ಕನಿಗೆ.

“ಬಟನ್‌ಗಳಿಗೆ ಹೆಸರು ಬಂದ ದಿನ ಬದಲಾಯಿಸ್ತೀನಿ ಸಾರ್. ಅಳಿಸೋದಂತೂ ಇಲ್ಲ.”

ಸುದ್ದಿ ಕೇಳಿ ಅಮ್ಮ ಒಲೆ ಬಿಟ್ಟು ಓಡಿಬಂದಳು. “ನಿನಗೆ ಕೆಲಸ ಕೊಟ್ಟಿದ್ದೇ ಹೆಚ್ಚು ಕಣೇ! ಮೊದಲೆಲ್ಲ ನೀನೇ ಕಂಪ್ಯೂಟರ್ ಏನೋ ಒಂದು ಮಾತಾಡಿದ್ರೆ ಸಾಕು ಅಂತಿದ್ದೆ.”

“ಆಗ ಸಾಕಿತ್ತಮ್ಮ. ಈಗ ಸಾಲದು.”

ಅಕ್ಕನ ರಿವ್ಯೂ ಕೆಳಗೆ ಬೇರೆ ಊರುಗಳ ಅಂಧ ಆಪರೇಟರ್‌ಗಳು ‘ನಮ್ಮದೂ ಇದೇ ಗೋಳು’ ಎಂದು ಬರೆಯತೊಡಗಿದರು. ಕೊಳ್ಳಲು ಹೊರಟಿದ್ದ ಕಚೇರಿಗಳು ಅದನ್ನೋದಿ ಹಿಂದೆಮುಂದೆ ನೋಡಿದವು. ಕಂಪನಿಗೆ ಬಿಸಿ ಮುಟ್ಟಿತು. ಮುಂದಿನ ಅಪ್‌ಡೇಟಿನಲ್ಲಿ ಒಂದೊಂದು ಬಟನ್ನಿಗೂ ಹೆಸರು ಬಂತು. ಕುರ್ಚಿಯ ಮಾತನ್ನು ಮ್ಯಾನೇಜರು ಮತ್ತೆ ಎತ್ತಲಿಲ್ಲ.

ಅಕ್ಕ ಎಲ್ಲವನ್ನೂ ಒತ್ತಿ ನೋಡಿ, ಒಂದು ನಕ್ಷತ್ರವನ್ನು ಮೂರು ಮಾಡಿದಳು.

“ಪಾಪ, ಅಷ್ಟೆಲ್ಲ ಮಾಡಿದ್ದಾರೆ, ಐದು ಕೊಡಬಾರದೇನೇ?” ಎಂದಳು ಅಮ್ಮ.

“ಯಾವ ಬಟನ್ ಯಾವುದು ಅಂತ ಗೊತ್ತಾಯ್ತು ಅನ್ನೋದಕ್ಕೆ ಕಣ್ಣಿರೋರು ಐದು ಕೊಡ್ತಾರೇನಮ್ಮ?”