ಟ್ಯಾಂಕಿನ ಹುಡುಗನಿಗೆ ನಮ್ಮ ಲಲ್ಲಿ ಅಕ್ಕ

೨೦೦೬ರ ಆಟಿ ತಿಂಗಳು, ಅಂದರೆ ಆಷಾಢದ ಮಳೆಗಾಲ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕೆಳಗಿನ ಮನೆಯವರು ಗಿರಿಜಕ್ಕ. ಎಂಬತ್ತರ ಹತ್ತಿರದ ವಯಸ್ಸು, ನಮ್ಮ ಊರಿನ ಕಡೆಯವರೇ, ಮಗಳ ಜೊತೆ ಇದ್ದರು. ಶನಿವಾರದ ಭಜನೆಗೆ ನಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ.

ಅವರ ಒಬ್ಬನೇ ಮಗ ಜಗದೀಶ ಸೈನ್ಯದಲ್ಲಿ ಟ್ಯಾಂಕ್ ಕಮಾಂಡರ್ ಆಗಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು. ಯುದ್ಧ ಮುಗಿದ ಮೇಲೆ ಹೆಣ್ಣು ನೋಡುವುದೆಂದು ಮಾತಾಗಿತ್ತಂತೆ. ಗೋಡೆಯಲ್ಲಿ ಅವನ ಫೋಟೋ ಇತ್ತು. ಟ್ಯಾಂಕಿನ ಮೇಲಿನ ಬಾಗಿಲಿನಿಂದ ಎದೆಯವರೆಗೆ ಹೊರಬಂದು ನಿಂತಿದ್ದಾನೆ. ತಲೆಗೆ ದಪ್ಪ ಟೋಪಿ, ಕಣ್ಣಿಗೆ ಧೂಳಿನ ಕನ್ನಡಕ. ಮುಖದಲ್ಲಿ ಕಾಣುವುದು ನಗುವ ಹಲ್ಲು ಮಾತ್ರ. ದಿನಾ ಅದಕ್ಕೊಂದು ಹೂ ಇಟ್ಟು, ಬಿಸಿಲಿಗೆ ಎಷ್ಟು ಕಪ್ಪಾಗಿದ್ದಾನೆ ನೋಡು ಎನ್ನುತ್ತಿದ್ದರು ಗಿರಿಜಕ್ಕ.

ಒಂದು ಶನಿವಾರ ಭಜನೆ ಮುಗಿಸಿ ಬರುವಾಗ ಅವರು ನಡುದಾರಿಯಲ್ಲಿ ನಿಂತರು. "ಶಾರದಾ, ನಿನ್ನ ಲಲ್ಲಿ ಅಕ್ಕನಿಗೆ ಎಲ್ಲಿಯಾದರೂ ಸಂಬಂಧ ಮಾಡಿದ್ದೀರಾ?"

ನನ್ನ ಅಕ್ಕ ಹದಿನೇಳು ವರ್ಷಕ್ಕೇ ಕಾಮಾಲೆಯಾಗಿ ಹೋದವಳು. ಬೇರೆ ಕಡೆಯವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಮದುವೆಯಾಗದೆ ಸತ್ತವರ ಆತ್ಮಕ್ಕೆ ನೆಮ್ಮದಿ ಇಲ್ಲ ಎಂದು ನಮ್ಮ ತುಳುನಾಡಿನಲ್ಲಿ ನಂಬುತ್ತಾರೆ. ಹಾಗೆ ಹೋದ ಹುಡುಗನಿಗೂ ಹುಡುಗಿಗೂ ಆಟಿ ತಿಂಗಳಲ್ಲಿ ಮದುವೆ ಮಾಡಿಸುತ್ತಾರೆ. ಬದುಕಿರುವವರ ಮದುವೆಯ ಹಾಗೆಯೇ ಗೋತ್ರದಂಥ ಬಳಿ ನೋಡಬೇಕು, ಹೆಣ್ಣು ಕೇಳಬೇಕು, ಹೆತ್ತವರು ಒಪ್ಪಬೇಕು. ನಮ್ಮ ಬಳಿ, ಅವರ ಬಳಿ ಬೇರೆ ಬೇರೆ. ಅದನ್ನೆಲ್ಲ ಗಿರಿಜಕ್ಕ ಮೊದಲೇ ವಿಚಾರಿಸಿಕೊಂಡಿದ್ದರು. ಡಾಕ್ಟರರು ಅವರ ಹೃದಯದ ಬಗ್ಗೆ ಒಳ್ಳೆಯ ಮಾತು ಹೇಳಿರಲಿಲ್ಲ. ತಾನು ಹೋದ ಮೇಲೆ ಮಗನಿಗೆ ಯಾರಿದ್ದಾರೆ ಎಂಬುದೊಂದೇ ಅವರ ಚಿಂತೆ.

ಅಮ್ಮ ಐರೋಲಿಯಲ್ಲಿ ನನ್ನ ತಮ್ಮನ ಜೊತೆ ಇದ್ದಳು. ಫೋನಿನಲ್ಲಿ ಹೇಳಿದೆ. ಹುಡುಗ ಏನು ಮಾಡುತ್ತಿದ್ದ ಎಂದು ಕೇಳಿದಳು. ಮಿಲಿಟ್ರಿ, ಟ್ಯಾಂಕು ಅಂದ ಕೂಡಲೇ ಬೇಡ ಎಂದುಬಿಟ್ಟಳು. ಅಕ್ಕನಿಗೆ ಸದ್ದು ಅಂದರೆ ಜೀವ ಹೋಗುವಷ್ಟು ಭಯವಿತ್ತು. ಗುಡುಗಿದರೆ ಮಂಚದ ಕೆಳಗೆ ನುಗ್ಗುವವಳು. ಅವಳು ಹೋಗಿ ಅಷ್ಟು ವರ್ಷವಾದರೂ, ಗುಡುಗಿದಾಗ ಅಮ್ಮ ಗೋಡೆಯ ಕಡೆ ತಿರುಗಿ, ಹೆದರಬೇಡ ಲಲ್ಲಿ, ಇಲ್ಲೇ ಇದ್ದೇನೆ ಎಂದು ಪಿಸುಗುಡುತ್ತಿದ್ದಳು. ಅಂಥವಳನ್ನು ಫಿರಂಗಿ ಹಾರಿಸುವವನಿಗೆ ಕೊಡುವುದು ಹೇಗೆ?

ಗಿರಿಜಕ್ಕ ಬೇಸರಪಡಲಿಲ್ಲ. ಗಂಡಿನ ಕಡೆಯವರು ಮನೆಗೇ ಹೋಗದೆ ಫೋನಿನಲ್ಲಿ ಕೇಳಿದರೆ ಯಾರು ತಾನೇ ಹೆಣ್ಣು ಕೊಡುತ್ತಾರೆ ಎಂದು ನನ್ನನ್ನೇ ಬೈದರು. ಫೋಟೋವನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನನ್ನ ಜೊತೆ ಹೊರಟರು. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸುವಾಗ ಸೇತುವೆಯ ಮೆಟ್ಟಿಲಲ್ಲಿ ಎರಡು ಕಡೆ ಕೂತರು. ದೇವರ ದಯೆ, ಐರೋಲಿ ಗಾಡಿಯಲ್ಲಿ ಯಾರೋ ಹುಡುಗಿ ಎದ್ದು ಕಿಟಕಿಯ ಸೀಟು ಕೊಟ್ಟಳು.

ಅಮ್ಮ ಫೋಟೋ ಹಿಡಿದು ಬಹಳ ಹೊತ್ತು ನೋಡಿದಳು. "ಮುಖವೇ ಕಾಣುವುದಿಲ್ಲವಲ್ಲ," ಎಂದಳು.

"ಹಲ್ಲು ಕಾಣ್ತದಲ್ಲ, ಸಾಕು. ಸಣ್ಣದಿರುವಾಗ ಇವನೂ ಗುಡುಗಿಗೆ ನನ್ನ ಸೆರಗಿನೊಳಗೇ ಇರುವವ," ಎಂದರು ಗಿರಿಜಕ್ಕ. ಹೆದರುವವ ಟ್ಯಾಂಕಿಗೆ ಯಾಕೆ ಹೋದ ಎಂದು ಅಮ್ಮ ಕೇಳಿದಳು. ಅದು ಅವನಿಗೇ ಗೊತ್ತು ಎಂದರು ಗಿರಿಜಕ್ಕ. ಆಮೇಲೆ, ಅವನ ಜೊತೆಗಿದ್ದವನೊಬ್ಬ ಮನೆಗೆ ಬಂದು ಹೇಳಿದ್ದನ್ನು ಹೇಳಿದರು. ಟ್ಯಾಂಕಿಗೆ ಬೆಂಕಿ ಹಿಡಿದಿತ್ತು. ಜಗದೀಶ ಒಳಗಿದ್ದ ಮೂವರನ್ನೂ ಒಬ್ಬೊಬ್ಬರಾಗಿ ಹೊರಗೆ ದಾಟಿಸಿದ. ಅವನ ಸರದಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು.

"ಹೆದರಿದವರನ್ನು ಬಿಟ್ಟು ಬರುವವನಲ್ಲ ಅವನು. ನಿಮ್ಮ ಮಗಳನ್ನು ಒಬ್ಬಳನ್ನೇ ಬಿಟ್ಟು ಹೋಗಲಿಕ್ಕಿಲ್ಲ."

ಅಮ್ಮ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದಳು. "ಅವಳಿಗೆ ಹಸಿರು ಬಳೆ ಅಂದರೆ ಆಸೆ," ಎಂದಳು. ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ.

ಹುಡುಗನ ಬಟ್ಟೆಗೆ ಗಿರಿಜಕ್ಕನ ಜೊತೆ ನಾನೇ ಹೋದೆ. ಅಂಗಡಿಯವನು ಅಳತೆ ಕೇಳಿದ. ಗಿರಿಜಕ್ಕ ಆ ಅಂಗಡಿಯವನದೇ ಭುಜದ ಮೇಲೆ ಈ ತುದಿಯಿಂದ ಆ ತುದಿಗೆ ಗೇಣು ಹಾಕಿ ನೋಡಿ, "ಇದಕ್ಕಿಂತ ಸ್ವಲ್ಪ ದೊಡ್ಡದು," ಎಂದರು. ನಾನು ಸೀರೆಯ ಕಪಾಟಿನ ಕಡೆ ಮುಖ ತಿರುಗಿಸಿಕೊಂಡೆ.

ಮದುವೆ ಗಿರಿಜಕ್ಕನ ಮನೆಯ ಹಾಲ್‌ನಲ್ಲೇ ಆಯಿತು. ಮಹಾಪೆಯಲ್ಲಿ ಕೆಲಸಕ್ಕಿದ್ದ ಮೊಮ್ಮಗಳು ಪೂಜಾ, ಆಫೀಸಿನಲ್ಲಿ ಮಾಮನ ಮದುವೆ ಎಂದೇ ರಜೆ ಹಾಕಿ ಬಂದಿದ್ದಳು. "ಸಬ್ ಲೋಗ್ ಪೇಢಾ ಮಾಂಗ್ ರಹೇ ಹೈಂ, ಅಜ್ಜಿ," ಎಂದಳು, ಆಫೀಸಿನವರೆಲ್ಲ ಪೇಢಾ ಕೇಳುತ್ತಿದ್ದಾರಂತೆ. ಕೊಡದೆ ಇರುತ್ತೇವಾ, ಮದುವೆ ಮದುವೆಯೇ ಎಂದು ಗಿರಿಜಕ್ಕ ಪೇಢಾ ತರಿಸಿಯೇಬಿಟ್ಟರು. ಒಂದು ಮಣೆಯ ಮೇಲೆ ಪಂಚೆ, ಶರ್ಟು. ಇನ್ನೊಂದರ ಮೇಲೆ ಸೀರೆ, ಕರಿಮಣಿ, ಹಸಿರು ಬಳೆ. ಧಾರೆಯಾದ ಮೇಲೆ ಇಬ್ಬರಿಗೂ ಎಲೆ ಹಾಕಿ ಬಡಿಸಿದೆವು. ಬಳಿಕ ಸೀರೆಯ ಮಣೆಯನ್ನು ಗಂಡಿನ ಮಣೆಗೆ ತಾಗಿಸಿ ಇಡುವಾಗ ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮಗಳನ್ನು ಕಳಿಸುವ ತಾಯಿ ಅಳುವ ಹಾಗೆಯೇ. ನನ್ನ ಮದುವೆಯಲ್ಲೂ ಅಷ್ಟು ಅತ್ತಿರಲಿಲ್ಲ.

ಗಿರಿಜಕ್ಕ ಮಾರನೆಯ ವರ್ಷ ಹೋದರು, ನಿದ್ದೆಯಲ್ಲೇ. ಅದೂ ಒಂದು ದಯೆ. ಜಗದೀಶನ ಫೋಟೋ ಈಗ ಐರೋಲಿಯಲ್ಲಿದೆ. ಅಮ್ಮನೇ ಕೇಳಿ ತಂದುಕೊಂಡಳು. ಅಳಿಯ ಎಂದೇ ಹೇಳುತ್ತಾಳೆ.

ಮೊನ್ನೆ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋಗಿದ್ದೆ. ಸಂಜೆ ಕಿಟಕಿ ಅದುರುವಂತೆ ಗುಡುಗಿತು. ಅಭ್ಯಾಸಬಲದಿಂದ ನಾನು ಅಮ್ಮನ ತುಟಿಯನ್ನೇ ನೋಡಿದೆ. ಅವಳು ಗೋಡೆಯ ಕಡೆ ತಿರುಗಲೇ ಇಲ್ಲ. ಎದ್ದು ಕಿಟಕಿ ಮುಚ್ಚಿ ಬಂದು, ಚಹಾಕ್ಕೆ ನೀರಿಡು ಮಾರಾಯ್ತಿ ಎಂದಳು.